ಅಕ್ಕೋರ ಸೈಕಲ್ಲಿನ ಟಿಕ್ ಟಿಕ್

ಕಾಲುವೆಗೆ ಬಿದ್ದು ಮುಳುಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದ ವಸ್ತುವೊಂದು ಹೋದ ತಿಂಗಳು ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು.

ಅಪ್ಪ ತೀರಿಕೊಂಡು ದಿನಕರ್ಮಗಳೆಲ್ಲ ಮುಗಿದ ಮೇಲೆ ಟ್ರಂಕು ತೆರೆದು ನೋಡುವ ಕೆಲಸ ಹಿರಿಯ ಮಗಳೆಂದು ನನ್ನ ಪಾಲಿಗೆ ಬಂದಿತ್ತು. ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಸಹಾಯಕ್ಕೆ ನಿಂತಿದ್ದಳೋ, ಕಾವಲಿಗೆ ನಿಂತಿದ್ದಳೋ ಹೇಳುವಂತಿರಲಿಲ್ಲ. ಎರಡು ಧೋತರ, ಒಂದು ಉಣ್ಣೆಯ ಶಾಲು, ಅವ್ವನ ಒಂದು ಫೋಟೊ. ಎಲ್ಲಕ್ಕಿಂತ ಕೆಳಗೆ, ಹಳೆಯ ಟವೆಲಿನ ತುಂಡಿನಲ್ಲಿ ಸುತ್ತಿದ ಒಂದು ಸಣ್ಣ ಗಂಟು. ಅದನ್ನು ಬಿಚ್ಚುವ ಮೊದಲೇ ವಾಸನೆ ಬಂತು. ಹೊಲಿಗೆ ಯಂತ್ರಕ್ಕೂ ಸೈಕಲ್ಲಿಗೂ ಬಿಡುತ್ತಾರಲ್ಲ, ಆ ತೆಳು ಎಣ್ಣೆಯ ವಾಸನೆ. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ ಎಂದೂ ಇರಲಿಲ್ಲ. ಆ ವಾಸನೆ ನಮ್ಮ ಪಡಸಾಲೆಗೆ ಬರುತ್ತಿದ್ದದ್ದು ಒಬ್ಬರಿಂದ ಮಾತ್ರ...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಅವರಿಗೂ ಒಂದು ಹೆಸರಿತ್ತು. ನಾವು ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ಎಮ್ಮಿಗನೂರಿನ ಆಚೆಗಿನ ನಮ್ಮ ಸಣ್ಣ ಊರಿಗೆ ಅವರು ವರ್ಗವಾಗಿ ಬಂದದ್ದು ಎಂಬತ್ತರ ದಶಕದ ಮೊದಲಿನಲ್ಲಿ. ನಾನು ಆಗ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದಿಸುತ್ತಾರೋ ಮದುವೆ ಮಾಡುತ್ತಾರೋ ಗೊತ್ತಿಲ್ಲದೆ ಮನೆಯಲ್ಲಿದ್ದೆ. ಅಪ್ಪ ಮುಂದಿನ ಕೋಣೆಯನ್ನು ಅವರಿಗೆ ಬಾಡಿಗೆಗೆ ಕೊಟ್ಟ. ನಲವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಾತು ಕಡಿಮೆ. ಅಂಥವರು ಬಾಡಿಗೆಗೆ ಸಿಕ್ಕಿದ್ದು ಪುಣ್ಯವೆಂದು ಅವ್ವ ಹೇಳುತ್ತಿದ್ದಳು. ಸೈಕಲ್ಲು ಬರುವ ತನಕ ಹೇಳುತ್ತಿದ್ದಳು.

ಸೈಕಲ್ಲು ಹೊಸಪೇಟೆಯಿಂದ ಬಸ್ಸಿನ ಮೇಲೆ ಬಂತು. ಹೆಂಗಸರ ಸೈಕಲ್ಲು, ಹಸಿರು ಬಣ್ಣದ್ದು. ಬೀದಿಯವರೆಲ್ಲ ನೋಡಿದರು. ಆಗ ನಮ್ಮ ಊರಿನ ಕೈಯಲ್ಲಿ ಭತ್ತದ ದುಡ್ಡು ಓಡಾಡುತ್ತಿತ್ತು. ಹೊಲವಿದ್ದವರು ಸೈಕಲ್ಲು ಬಿಟ್ಟು ಮೋಟರ್‌ಸೈಕಲ್ಲು ಕೊಳ್ಳುತ್ತಿದ್ದ ಕಾಲ. ಸೈಕಲ್ಲು ತುಳಿಯುವವರೆಂದರೆ ಹಾಲಿನವರು, ಐಸಿನವರು. ಸರಕಾರದ ಪಗಾರ ತರುವ ಅಕ್ಕೋರು, ಅದೂ ಶಾಲೆ ನಾಲ್ಕು ಹೆಜ್ಜೆ ಆಚೆಗೇ ಇರುವಾಗ, ಸೈಕಲ್ಲು ಯಾಕೆ ತಂದರು?

ಸಂಡೂರಿನಲ್ಲಿ ಬೆಳೆಯುವಾಗ ತಾವು ಸೈಕಲ್ಲು ಹೊಡೆಯುತ್ತಿದ್ದುದನ್ನು ಅವರು ನನಗೊಬ್ಬಳಿಗೇ ಹೇಳಿದ್ದರು. ಅವರ ತಂದೆ ಅಲ್ಲಿ ಗಣಿಯ ಕಚೇರಿಯಲ್ಲಿ ಕೆಲಸಕ್ಕಿದ್ದರಂತೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಿಟ್ಟು ಬಂದರೆ ಲಂಗ, ಜಡೆ, ಹುಬ್ಬು ಎಲ್ಲ ಕೆಂಪು ಧೂಳಾಗುತ್ತಿತ್ತಂತೆ. ಬಂಡ್ರಿಯ ಕಡೆಗೆ ಮದುವೆಯಾಯಿತು, ಸೈಕಲ್ಲು ಅಲ್ಲಿಗೆ ನಿಂತಿತು. ಎಷ್ಟೋ ವರ್ಷದ ಮೇಲೆ ಮತ್ತೆ ಹತ್ತಿದಾಗ ಕಾಲಿಗೆ ಎಲ್ಲ ನೆನಪಿತ್ತು, ಸೊಂಟಕ್ಕೆ ಮಾತ್ರ ಏನೂ ನೆನಪಿರಲಿಲ್ಲ ಎಂದು ನಕ್ಕಿದ್ದರು.

ಅದಕ್ಕಾಗಿಯೇ ಒಂದೊಂದೇ ಸಾಮಾನು ಬರತೊಡಗಿತು. ಮೊದಲು ಸ್ಪ್ರಿಂಗು ಇರುವ ಅಗಲವಾದ ಸೀಟು. ಆಮೇಲೆ ಹಿಂದಿನ ಗಾಲಿಗೆ ಸೀರೆ ಗಾರ್ಡು. ಸೆರಗು ಕಡ್ಡಿಗಳಲ್ಲಿ ಸಿಕ್ಕಿಕೊಳ್ಳದಂತೆ ತಡೆಯುವ ತಂತಿಯ ಜಾಲರಿ ಅದು. ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ನಿರಿಗೆ ಹಾರದಂತೆ ಮೊಣಕಾಲಿನ ಹತ್ತಿರ ಒಂದು ದೊಡ್ಡ ಪಿನ್ನು. ಹ್ಯಾಂಡಲ್ಲಿಗೆ ನೇತುಹಾಕಿದ ನೀರಿನ ಬಾಟಲಿ. ಬಿಸಿಲಲ್ಲಿ ತಲೆಗೆ ಒದ್ದೆ ಮಾಡಿ ಸುತ್ತಿಕೊಳ್ಳುವ ಹತ್ತಿಯ ಬಟ್ಟೆ. ಸೀಟಿನ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ನಟ್ಟು ಬಿಚ್ಚುವ ಪಾನಾ, ಪಂಕ್ಚರಿನ ರಬ್ಬರು, ಸೊಲ್ಯೂಷನ್, ಉಜ್ಜುವ ಕಾಗದ, ಮೂತಿ ಉದ್ದದ ಸಣ್ಣ ಎಣ್ಣೆ ಕುಪ್ಪಿ. ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಚೈನಿಗೆ ಎಣ್ಣೆ ಬಿಡುತ್ತ ಕೂತಿರುತ್ತಿದ್ದರು. ಆ ಹೊತ್ತು ನಮ್ಮ ಮನೆಯಲ್ಲಿ ಆ ವಾಸನೆ...

ಬಂದ ಒಂದೊಂದು ಸಾಮಾನಿಗೂ ಊರಿನಲ್ಲಿ ಒಂದೊಂದು ಅನುಮಾನ ಹುಟ್ಟುತ್ತಿತ್ತು. ನಮ್ಮ ಬಾಜು ಹೊಲದ ಮಾಮ ಎಂಬುವನೊಬ್ಬ ಇದ್ದ. ಸಂಬಂಧದಲ್ಲಿ ಮಾಮನಲ್ಲ, ಹೊಲದ ಬದುವಿನಿಂದ ಮಾಮ. ದಿನಾ ಸಂಜೆ ನಮ್ಮ ಕಟ್ಟೆಗೆ ಬಂದು ಕೂತು ಎಲೆ ಅಡಿಕೆ ಹಾಕುತ್ತಿದ್ದ. ಡೈನಮೊ ದೀಪ ಬಂದಾಗ, ಕತ್ತಲಲ್ಲಿ ಹೋಗದವರಿಗೆ ದೀಪ ಯಾಕೆ ಎಂದು ಕೇಳಿದ. ಹ್ಯಾಂಡಲ್ಲಿಗೆ ದುಂಡನೆಯ ಕನ್ನಡಿ ಬಂದಾಗಲಂತೂ ಅವನಿಗೆ ಒಂದು ವಾರಕ್ಕಾಗುವಷ್ಟು ಮಾತು ಸಿಕ್ಕಿತು.

"ಮುಂದ ಹೋಗಾಕಿಗೆ ಹಿಂದ ಏನೈತಿ ನೋಡೂದು? ಯಾರರ ಬೆನ್ನ ಹತ್ತ್ಯಾರಂತ ಅಂಜಿಕಿ ಇದ್ದಾವರು ಕನ್ನಡಿ ಹಾಕ್ತಾರ. ಅಂಜಿಕಿ ಯಾರಿಗಿರ್ತೈತಿ ಹೇಳಣ್ಣ?"

ಅಪ್ಪ ನಗುತ್ತಿದ್ದ. ಆದರೆ ನಕ್ಕು ಸುಮ್ಮನಾದ ಮೇಲೆ ಕನ್ನಡಿಯ ಕಡೆ ಒಮ್ಮೆ ನೋಡುತ್ತಿದ್ದ. ಅದನ್ನು ನಾನು ಗಮನಿಸುತ್ತಿದ್ದೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಅವರ ಉತ್ತರದಿಂದ. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಉಪಕಾಲುವೆಯ ಏರಿಯ ಮೇಲೆ ಸೈಕಲ್ಲು ಹೊಡೆದುಕೊಂಡು ದೂರದ ತೂಬಿನ ತನಕ ಹೋಗಿ ತಿರುಗಿ ಬರುತ್ತಿದ್ದರು. ಕೈಯಲ್ಲಿ ಚೀಲವಿಲ್ಲ. ಹೋದಲ್ಲಿ ಇಳಿಯುವುದಿಲ್ಲ, ಯಾರನ್ನೂ ಮಾತಾಡಿಸುವುದಿಲ್ಲ. ಎದುರಿಗೆ ಸಿಕ್ಕವರು ನಿಲ್ಲಿಸಿ ಕೇಳುತ್ತಿದ್ದರು, ಎಲ್ಲಿಗೆ ಹೊಂಟೀರಿ ಅಕ್ಕೋರ?

"ಎಲ್ಲಿಗಿಲ್ರಿ. ಸುಮ್ನ."

ನಮ್ಮಲ್ಲಿ ಯಾರೂ ಸುಮ್ನ ಎಲ್ಲಿಗೂ ಹೋಗುತ್ತಿರಲಿಲ್ಲ. ಹೊಲಕ್ಕೆ ಹೋಗುತ್ತಿದ್ದರು, ಕಂಪ್ಲಿಯ ಸಂತೆಗೆ ಹೋಗುತ್ತಿದ್ದರು, ಹೊಸಪೇಟೆಯ ಆಸ್ಪತ್ರೆಗೆ ಹೋಗುತ್ತಿದ್ದರು. ಸುಮ್ನ ಎಂದು ಹೇಳುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಸತ್ಯ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಅವರೇ ಸೀಟಿನ ಹಿಂದೆ ಹಿಡಿದುಕೊಂಡು ನನಗೆ ಸೈಕಲ್ಲು ಕಲಿಸಿದ ಮೇಲೂ.

ಊರಿನ ಅನುಮಾನಕ್ಕೆ ಒಂದು ಕಾರಣವಿತ್ತು. ಅದನ್ನು ಹೇಳದಿದ್ದರೆ ಊರಿಗೆ ಅನ್ಯಾಯವಾಗುತ್ತದೆ. ನಮ್ಮ ಹೊಲಗಳಿದ್ದ ಕಡೆ ಭತ್ತಕ್ಕೆ ನೀರು ಮಂಜೂರಾಗಿರಲಿಲ್ಲ. ಜೋಳ, ಹತ್ತಿ, ಶೇಂಗಾ ಮಾತ್ರ ಬೆಳೆಯಬೇಕು ಎಂದು ಸರಕಾರದ ಕಟ್ಟಳೆ. ಕಣ್ಣೆದುರಿಗೆ ಕಾಲುವೆ ತುಂಬಿ ಹರಿಯುತ್ತಿದ್ದರೆ ಜೋಳ ಬಿತ್ತುವವರು ಯಾರು? ಎಲ್ಲರೂ ಭತ್ತವನ್ನೇ ನಾಟಿ ಮಾಡುತ್ತಿದ್ದರು. ಇಲಾಖೆಯವರು ಬಂದು ಸರಪಳಿ ಹಿಡಿದು ಅಳತೆ ಮಾಡಿದರೆ ನೀರಿಗೆ ದಂಡ ಬೀಳುತ್ತಿತ್ತು, ತೂಬು ಮುಚ್ಚುವ ಭಯವೂ ಇತ್ತು. ಆದ್ದರಿಂದ ಏರಿಯ ಮೇಲೆ ಹೊಸ ಮನುಷ್ಯ ಕಂಡರೆ ನಾಟಿ ಹಚ್ಚುವ ಹೆಂಗಸರು ಕೂಡ ಹಾಡು ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದರು.

ಹೀಗಿರುವಾಗ ಇನ್ನೊಂದು ಡಬ್ಬಿ ಬಂತು.

ಅಕ್ಕೋರು ಆಗೊಮ್ಮೆ ಈಗೊಮ್ಮೆ ರಜೆಯ ದಿನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಹೊಸಪೇಟೆಗೆ ಹೋಗಿ, ಅಲ್ಲಿಂದ ತುಳಿದುಕೊಂಡು ಹಂಪಿಗೆ ಹೋಗಿ ಬರುತ್ತಿದ್ದರು. ಬಾಳೆ ತೋಟಗಳ ನಡುವಿನ ದಾರಿಯಲ್ಲಿ ನೆರಳಿರುತ್ತದೆ, ಅದಕ್ಕೆ ಹೋಗುತ್ತೇನೆ ಎನ್ನುತ್ತಿದ್ದರು. ಒಮ್ಮೆ ಅಲ್ಲಿಂದ ಬರುವಾಗ ಮುಂದಿನ ಗಾಲಿಯ ನಡುವೆ ಏನೋ ಕೂತಿತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ಅದರ ಪಕ್ಕದಲ್ಲಿ ಹಲ್ಲುಗಳಿರುವ ಪುಟ್ಟ ಚಕ್ರ. ಗಾಲಿಯ ಒಂದು ಕಡ್ಡಿಗೆ ಕಟ್ಟಿದ ಮೊಳೆ, ಗಾಲಿ ಒಂದು ಸುತ್ತು ಬಂದಾಗಲೆಲ್ಲ ಆ ಹಲ್ಲಿಗೆ ತಾಗಿ ಟಿಕ್ ಎನ್ನುತ್ತಿತ್ತು. ಡಬ್ಬಿಯ ಕಿಟಕಿಯಲ್ಲಿ ಅಂಕಿಗಳು ಕಾಣುತ್ತಿದ್ದವು. ಎಷ್ಟು ದೂರ ಹೋದೆವೆಂದು ಎಣಿಸುವ ಯಂತ್ರ. ತನ್ನ ಊರಿಗೆ ವಾಪಸು ಹೊರಟಿದ್ದ ಒಬ್ಬ ಪರದೇಶದವನು ತನ್ನ ಮುರುಕು ಸೈಕಲ್ಲಿನಿಂದ ಬಿಚ್ಚಿ ಕೊಟ್ಟನಂತೆ.

ಮಾಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಅವತ್ತು ಅವನು ತಮಾಷೆ ಮಾಡಲಿಲ್ಲ. ಅಂಕಿ ಕಂಡ ಮೇಲೆ ಅವನ ಮುಖವೇ ಬೇರೆಯಾಯಿತು.

"ಅಣ್ಣಾ, ಇದು ಅಳತಿ ಗಾಲಿ. ರಸ್ತಾ ಅಳಿಯಾವರ ಕಡೆ ನೋಡೀನಿ ನಾ. ಏರಿ ಮ್ಯಾಲ ಒಮ್ಮಿ ಹೋಗಿ ಬಂದ್ರ ಸಾಕು, ಯಾರ ಹೊಲ ಎಷ್ಟು ಅಂತ ಇದರಾಗ ಬಂದುಬಿಡ್ತೈತಿ. ಸರಪಳಿ ಬ್ಯಾಡ, ಮಂದಿ ಬ್ಯಾಡ."

ಎರಡು ದಿನದಲ್ಲಿ ಊರಿಗೆಲ್ಲ ಅದೇ ಮಾತಾಯಿತು. ಸಂಜೆ ಟಿಕ್ ಟಿಕ್ ಸಪ್ಪಳ ಏರಿಯ ಮೇಲೆ ಬರುತ್ತಿದ್ದಂತೆ ಗದ್ದೆಯಲ್ಲಿದ್ದವರು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ಶಾಲೆಗೆ ಮಕ್ಕಳ ಕೈಯಲ್ಲಿ ಕಳಿಸುತ್ತಿದ್ದ ಮಜ್ಜಿಗೆ, ಕಾಯಿಪಲ್ಲೆ ನಿಂತಿತು. ಅವ್ವ ಕೂಡ ಅವರ ಎದುರಿಗೆ ಹೊಲದ ಮಾತು ಆಡುವುದನ್ನು ಬಿಟ್ಟಳು.

ನಾನು ಒಂದು ದಿನ ಅಕ್ಕೋರನ್ನು ಕೇಳಿಯೇಬಿಟ್ಟೆ. ಇದು ಎಷ್ಟು ಎಣಿಸಿದೆ ಎಂದು. ಅವರು ಹ್ಯಾಂಡಲ್ಲು ಒರೆಸುತ್ತಿದ್ದವರು ತಿರುಗಿದರು.

"ಎಣಸೂದಿಲ್ಲವ್ವ. ಒಳಗ ಮುರದೈತಿ. ಸಪ್ಪಳ ಅಷ್ಟ."

ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ ಎಂದೆ.

"ಒಬ್ಬಾಕೀ ಹೊಂಟಾಗ ಯಾರೋ ಬಾಜೂಕ ಮಾತಾಡ್ಕೊಂತ ಬಂದಂಗ ಆಗ್ತೈತಿ. ಅದಕ್ಕ."

ಆ ಮಾತನ್ನು ನಾನು ಅಪ್ಪನಿಗೆ ಹೇಳಿದೆ. ಕೆಟ್ಟ ಯಂತ್ರವನ್ನು ಎಣ್ಣೆ ಹಾಕಿ ಸಾಕುವವರು ಯಾರು ಎಂದು ಅವ್ವ ಒಳಗಿನಿಂದಲೇ ಕೇಳಿದಳು. ಆದರೆ ಮರುದಿನ ಮಧ್ಯಾಹ್ನ, ಅಕ್ಕೋರು ಶಾಲೆಯಲ್ಲಿದ್ದಾಗ, ನಾನು ಹಿತ್ತಲಿನಿಂದ ಬಂದರೆ ಅಪ್ಪ ಅಂಗಳದಲ್ಲಿ ಆ ಸೈಕಲ್ಲಿನ ಮುಂದೆ ಬಗ್ಗಿ ನಿಂತಿದ್ದ. ಒಂದು ಕೈಯಲ್ಲಿ ಹ್ಯಾಂಡಲ್ಲನ್ನು ಮೇಲಕ್ಕೆತ್ತಿ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಮುಂದಿನ ಗಾಲಿಯನ್ನು ಜೋರಾಗಿ ತಿರುಗಿಸುತ್ತಿದ್ದ. ಟಿಕ್ ಟಿಕ್ ಟಿಕ್ ಎಂದು ಬಹಳ ಹೊತ್ತು ಕೇಳಿತು. ಅವನ ಕಣ್ಣು ಡಬ್ಬಿಯ ಕಿಟಕಿಯ ಮೇಲೇ ಇತ್ತು. ನನ್ನನ್ನು ಕಂಡು ಹ್ಯಾಂಡಲ್ಲು ಇಳಿಸಿದ.

"ಗಾಲಿ ಚೊಲೋ ತಿರಗತೈತಿ," ಎಂದಷ್ಟೇ ಹೇಳಿ ಹೊರಗೆ ಹೋದ.

ಅಪ್ಪನಿಗೆ ಅಂದೇ ಗೊತ್ತಾಯಿತು. ಗೊತ್ತಾದದ್ದನ್ನು ಅವನು ಆ ಸಂಜೆ ಕಟ್ಟೆಯ ಮೇಲೆ ಹೇಳುತ್ತಾನೆಂದು ಕಾದೆ. ಮಾಮ ಬಂದ, ಅದೇ ಮಾತು ತೆಗೆದ. ಅಪ್ಪ ಅಂಗಿಯ ಒಳಜೇಬಿನಿಂದ ಸುಣ್ಣದ ಡಬ್ಬಿ ತೆಗೆದು ಎಲೆಗೆ ಸುಣ್ಣ ಸವರುತ್ತ ಕೂತ. ನಾಳೆ ಹೇಳಬಹುದು ಎಂದುಕೊಂಡೆ.

ಅಷ್ಟರಲ್ಲಿ ಇಲಾಖೆಯವರು ಬಂದರು. ಪ್ರತಿ ವರ್ಷವೂ ಬರುವ ಭಯವಿತ್ತು, ಆ ವರ್ಷ ನಿಜವಾಗಿಯೂ ಬಂದರು. ಜೀಪು ತೂಬಿನ ಹತ್ತಿರ ನಿಂತಿತು. ಸರಪಳಿ ಹಿಡಿದು ಒಂದೊಂದೇ ಹೊಲ ಅಳೆಯುತ್ತ ಬಂದರು. ಮಾಮನ ಹೊಲದ ಬದುವಿನ ತನಕ ಬರುವಷ್ಟರಲ್ಲಿ ಹೊತ್ತು ಮುಳುಗಿತು. ನಮ್ಮ ಹೊಲ ಅಲ್ಲಿಂದಾಚೆ, ಕಾಲುವೆ ತಿರುಗುವ ಕಡೆ, ಜಾಲಿ ಗಿಡಗಳ ಮರೆಯಲ್ಲಿತ್ತು. ಅವರು ಜೀಪು ಹತ್ತಿ ಹೊರಟು ಹೋದರು. ಮತ್ತೆ ಬರಲಿಲ್ಲ. ಎಲ್ಲರಿಗೂ ದಂಡ ಬಿತ್ತು, ನಮ್ಮೊಬ್ಬರನ್ನು ಬಿಟ್ಟು.

ಮೊದಲ ದಿನ ಅಪ್ಪನಿಗೆ ಸಂತೋಷವಾಯಿತು. ಎರಡನೆಯ ದಿನ ಮಾಮ ಕಟ್ಟೆಗೆ ಬರಲಿಲ್ಲ. ಬಾವಿಯ ಹತ್ತಿರ ಅವ್ವನ ಜೊತೆ ಯಾರೂ ಮಾತಾಡಲಿಲ್ಲ. ನಾಟಿಗೆ, ಕಟಾವಿಗೆ ಆಳು ಹಂಚಿಕೊಳ್ಳುತ್ತಿದ್ದವರು ನಮಗೆ ಆಳಿಲ್ಲ ಎಂದರು. ಕೊನೆಗೆ ಮಾಮನೇ ಬಂದ. ಕೂಡಲಿಲ್ಲ, ನಿಂತೇ ಹೇಳಿದ.

"ಊರಾಗಿನ ಹೊಲ ಎಲ್ಲ ಆ ಡಬ್ಬಿ ಒಳಗ ಹೋದುವು, ನಿಂದೊಂದು ಹ್ಯಾಂಗ ಉಳೀತಣ್ಣ? ನಿನ್ನ ಮನ್ಯಾಗ ಇರಾಕಿ, ನಿನ್ನ ಹೊಲ ಬಿಟ್ಟು ಬರಕೊಟ್ಟಾಳ ಅಂತಾರ ಮಂದಿ. ನಾ ಅನ್ನೂದಿಲ್ಲ. ಮಂದಿ ಅಂತಾರ."

ಆ ಡಬ್ಬಿ ಏನನ್ನೂ ಎಣಿಸುವುದಿಲ್ಲ, ನಾನೇ ತಿರುಗಿಸಿ ನೋಡಿದ್ದೇನೆ ಎಂದು ಅಪ್ಪ ಆಗ ಹೇಳಬಹುದಿತ್ತು. ಹೇಳಿದ್ದರೆ ಯಾರು ನಂಬುತ್ತಿದ್ದರು? ಅಕ್ಕೋರ ಪರವಾಗಿ ಬಾಯಿ ತೆಗೆದನೆಂದರೆ ಅವನೂ ಅದರಲ್ಲಿದ್ದಾನೆ ಎಂದೇ ಆಗುತ್ತಿತ್ತು. ಅದನ್ನು ಈಗ ಯೋಚಿಸುತ್ತೇನೆ. ಆಗ ನನಗೆ ಅಪ್ಪನ ಮುಖ ಮಾತ್ರ ಕಾಣುತ್ತಿತ್ತು.

ಮರುದಿನ ಸಂಜೆ ತೂಬಿನ ಕಟ್ಟೆಯ ಹತ್ತಿರ ಜನ ಸೇರಿದ್ದರು. ನಾನು ದನಕ್ಕೆ ಹುಲ್ಲು ಕೊಯ್ದುಕೊಂಡು ಬರುತ್ತಿದ್ದವಳು ಹೊರೆ ಇಳಿಸಿ ನಿಂತೆ. ಅಕ್ಕೋರು ತಿರುಗಿ ಬರುವ ಹೊತ್ತು. ಮೊದಲು ಟಿಕ್ ಟಿಕ್ ಕೇಳಿತು, ಆಮೇಲೆ ಹಸಿರು ಸೈಕಲ್ಲು ಕಾಣಿಸಿತು. ದಾರಿಗೆ ಅಡ್ಡವಾಗಿ ಅಪ್ಪ ನಿಂತಿದ್ದ. ಅವರು ಇಳಿದರು.

"ಅಕ್ಕೋರ, ಅದನ್ನ ಬಿಚ್ಚಿ ಕೊಡ್ರಿ," ಅಂದ ಅಪ್ಪ.

ಅವರು ಎಲ್ಲರನ್ನೂ ಒಮ್ಮೆ ನೋಡಿದರು. ಬಿಸ್ಕತ್ತಿನ ಡಬ್ಬಿ ತೆಗೆದರು, ಪಾನಾ ತೆಗೆದರು, ಕೂತು ಬಿಚ್ಚಿದರು. ಅವಸರ ಮಾಡಲಿಲ್ಲ. ಬಿಚ್ಚಿದ ಮೇಲೆ ನಟ್ಟನ್ನು ಮತ್ತೆ ಅದರ ಜಾಗಕ್ಕೆ ಬಿಗಿದರು. ಡಬ್ಬಿಯನ್ನು ಸೆರಗಿನಿಂದ ಒರೆಸಿ ಅಪ್ಪನ ಕೈಗೆ ಕೊಟ್ಟರು.

"ಇದು ಎಣಸೂದಿಲ್ರಿ. ತಿರುವಿ ನೋಡ್ರಿ ಬೇಕಾದ್ರ."

ಅಪ್ಪ ತಿರುವಲಿಲ್ಲ. ಅವರ ಮುಖವನ್ನೂ ನೋಡಲಿಲ್ಲ. ಬೆನ್ನು ತಿರುಗಿಸಿ ಕಾಲುವೆಯ ಕಡೆ ಎರಡು ಹೆಜ್ಜೆ ಹೋದ, ಅಂಗಿಯೊಳಗೆ ಕೈ ಹಾಕಿ ಮೈ ತುರಿಸಿಕೊಂಡಂತೆ ಮಾಡಿದ, ಆಮೇಲೆ ಕೈ ಬೀಸಿದ. ನೀರಿನ ನಡುವೆ ಏನೋ ಬಿದ್ದು ಹೊಳೆದು ಮುಳುಗಿತು. ಯಾರೋ ಉಸಿರು ಬಿಟ್ಟರು. ಮಾಮ ಅಪ್ಪನ ಹೆಗಲ ಮೇಲೆ ಕೈ ಇಟ್ಟ.

ಅಕ್ಕೋರು ಸೈಕಲ್ಲು ಹತ್ತಲಿಲ್ಲ. ತಳ್ಳಿಕೊಂಡು ಹೋದರು. ಸಪ್ಪಳವಿಲ್ಲದೆ ಹೋಗುತ್ತಿದ್ದ ಆ ಸೈಕಲ್ಲನ್ನು ನೋಡುವುದು ನನಗೆ ಏಕೋ ಆಗಲಿಲ್ಲ...

ಅವರು ಆ ವರ್ಷ ಶಾಲೆ ಮುಗಿಯುವ ತನಕ ನಮ್ಮ ಮನೆಯಲ್ಲಿಯೇ ಇದ್ದರು. ಏರಿಯ ಮೇಲೆ ಮತ್ತೆ ಹೋಗಲಿಲ್ಲ. ಸೈಕಲ್ಲು ಕೋಣೆಯೊಳಗೆ ಗೋಡೆಗೆ ಒರಗಿ ನಿಂತಿತು. ಊರಿನವರು ಮತ್ತೆ ಮಜ್ಜಿಗೆ ಕಳಿಸತೊಡಗಿದರು. ಅವರು ಈಸಿಕೊಂಡರು, ಪಾತ್ರೆ ತೊಳೆದು ವಾಪಸು ಕಳಿಸಿದರು. ಬೇಸಿಗೆ ರಜೆಯಲ್ಲಿ ಹೊಸಪೇಟೆಯ ಕಡೆಗೆ ವರ್ಗ ಮಾಡಿಸಿಕೊಂಡು ಹೊರಟರು. ಬಸ್ಸಿನ ಮೇಲೆ ಸೈಕಲ್ಲು ಏರಿಸಲು ಅಪ್ಪನೇ ಹೋಗಿದ್ದ, ಜೊತೆಗೆ ನಾನೂ ಇದ್ದೆ. ಏನೋ ಹೇಳಬೇಕೆಂದು ನಿಂತಂತಿತ್ತು. ಬಸ್ಸು ಹೊರಡುವ ತನಕ ನಿಂತೇ ಇದ್ದ. ಅಕ್ಕೋರು ಕಿಟಕಿಯಿಂದ ನನಗೆ ಮಾತ್ರ ಕೈ ಮಾಡಿದರು.

ಇಷ್ಟು ವರ್ಷ ನನ್ನ ನೆನಪಿನಲ್ಲಿ ಇದ್ದದ್ದು ಇಷ್ಟೇ. ಅಪ್ಪ ಗೊತ್ತಿದ್ದೂ ಆ ಡಬ್ಬಿಯನ್ನು ನೀರಿಗೆ ಎಸೆದ. ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೇ ಗಂಡನ ಮನೆಗೆ ಹೋದೆ, ಇಟ್ಟುಕೊಂಡೇ ಹಬ್ಬ ಹುಣ್ಣಿಮೆಗೆ ಬಂದು ಹೋದೆ. ಅವನಿಗೆ ಊಟಕ್ಕೆ ಬಡಿಸುವಾಗಲೂ ಇಟ್ಟುಕೊಂಡಿದ್ದೆ.

ಈಗ ಅದೇ ಡಬ್ಬಿ ನನ್ನ ಅಂಗೈಯಲ್ಲಿತ್ತು.

ಹಾಗಾದರೆ ಅವತ್ತು ನೀರಿಗೆ ಬಿದ್ದದ್ದು ಏನು? ಟ್ರಂಕಿನ ಮುಂದೆ ಕೂತವಳಿಗೆ ಮೆಲ್ಲಗೆ ಹೊಳೆಯಿತು. ಆ ವಾರ ಮನೆಯಲ್ಲಿ ಅಪ್ಪನ ಹಿತ್ತಾಳೆಯ ಸುಣ್ಣದ ಡಬ್ಬಿ ಕಳೆದಿತ್ತು. ಅವನ ಅಪ್ಪನ ಕಾಲದ್ದು. ಅವ್ವ ಹಾಸಿಗೆಯೆಲ್ಲ ಕೊಡವಿ ಹುಡುಕಿ, ಎಲ್ಲಿ ಬಿಟ್ಟು ಬಂದೆ ಎಂದು ಬೈದು, ಕಂಪ್ಲಿಯ ಸಂತೆಯಿಂದ ಪ್ಲಾಸ್ಟಿಕ್ಕಿನದೊಂದು ತಂದುಕೊಟ್ಟಿದ್ದಳು. ಅಪ್ಪ ತನ್ನ ಒಳಜೇಬಿನ ಡಬ್ಬಿಯನ್ನು ಎಸೆದು, ಅಕ್ಕೋರದನ್ನು ಒಳಜೇಬಿಗೆ ಇಳಿಸಿದ್ದ.

ಆಮೇಲೆ ಇನ್ನೊಂದು ನೆನಪಾಯಿತು. ಪ್ರತಿ ಬೇಸಿಗೆ ಕಾಲುವೆಗೆ ನೀರು ನಿಲ್ಲಿಸಿದಾಗ ಅಪ್ಪ ಕೋಲು ಹಿಡಿದು ಒಣಗಿದ ಕಾಲುವೆಯೊಳಗೆ ಇಳಿದು, ತೂಬಿನ ಕೆಳಗೆ ಹೂಳು ಕೆದಕುತ್ತ ಓಡಾಡುತ್ತಿದ್ದ. ಹೂಳು ಎಷ್ಟು ತುಂಬಿದೆ ನೋಡುತ್ತಿದ್ದೇನೆ ಎನ್ನುತ್ತಿದ್ದ. ಬೇರೆಯವರ ಕೈಗೆ ಸಿಗುವ ಮೊದಲು ತನ್ನ ಸುಣ್ಣದ ಡಬ್ಬಿ ತನಗೇ ಸಿಗಲಿ ಎಂದು ಹುಡುಕುತ್ತಿದ್ದನೋ ಏನೋ. ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಉಗುರಿನಿಂದ ಹಲ್ಲಿನ ಚಕ್ರ ತಿರುಗಿಸಿದೆ. ಟಿಕ್ ಎಂದಿತು. ಮತ್ತೆ ತಿರುಗಿಸಿದೆ, ಮತ್ತೆ ಮತ್ತೆ. ಕಿಟಕಿಯ ಅಂಕಿಗಳು ಒಂದೂ ಕದಲಲಿಲ್ಲ. ನಾನೂ ಅದೇ ಊರಿನವಳು, ಮೊದಲು ಬಂದ ಯೋಚನೆ ಅನುಮಾನದ್ದೇ. ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದು ಈಗ ಕೆಟ್ಟಿರಬಹುದಲ್ಲ? ಆದರೆ ಚಕ್ರ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತಿತ್ತು. ತುಕ್ಕಿನ ಒಂದು ಚುಕ್ಕೆ ಇರಲಿಲ್ಲ. ಬಟ್ಟೆಯ ಎಣ್ಣೆ ಇನ್ನೂ ಬೆರಳಿಗೆ ಹತ್ತುತ್ತಿತ್ತು. ಅಪ್ಪ ಅದಕ್ಕೆ ಎಣ್ಣೆ ಬಿಡುತ್ತಲೇ ಇದ್ದ. ಯಾವಾಗಲೋ ಒಂದು ದಿನ ಹೊಸಪೇಟೆಗೆ ಹೋಗಿ ಕೊಟ್ಟು ಬರಬೇಕೆಂದು ಇಟ್ಟಿದ್ದನೋ, ಕೊಡಲು ಮುಖವಿಲ್ಲದೆ ಇಟ್ಟಿದ್ದನೋ...

ಅಕ್ಕೋರು ತೀರಿಕೊಂಡ ಸುದ್ದಿ ಕೆಲವು ವರ್ಷಗಳ ಹಿಂದೆ ಬಂದಿತ್ತು. ಅವರ ಹತ್ತಿರ ಓದಿದವರೊಬ್ಬರು ಹೇಳಿದ್ದರು. ನಾನು ಆಗ ತವರಿನಲ್ಲಿಯೇ ಇದ್ದೆ. ಆ ಸುದ್ದಿ ಕೇಳಿ ಅಪ್ಪ ಊಟದ ಮುಂದಿನಿಂದ ಎದ್ದು ಒಳಗೆ ಹೋದ. ಬಹಳ ಹೊತ್ತಾದರೂ ಬರಲಿಲ್ಲವೆಂದು ನೋಡಲು ಹೋದರೆ ಟ್ರಂಕಿನ ಮುಂದೆ ಕೂತಿದ್ದ. ನನ್ನ ಹೆಜ್ಜೆ ಕೇಳಿ ಮುಚ್ಚಳ ಹಾಕಿದ. ಏನು ಮಾಡುತ್ತಿದ್ದೀಯಪ್ಪ ಎಂದು ಕೇಳಿದೆ.

"ಏನಿಲ್ಲವ್ವ. ಸುಮ್ನ," ಅಂದ.

ಅವತ್ತು ನಾನು ಅವನನ್ನು ನಂಬಲಿಲ್ಲ. ಸತ್ತವರ ವಿಷಯದಲ್ಲೂ ಏನನ್ನೋ ಬಚ್ಚಿಡುತ್ತಾನಲ್ಲ ಎಂದು ಸಿಟ್ಟು ಮಾಡಿಕೊಂಡು ಹೊರಗೆ ಬಂದೆ. ಆ ಸಿಟ್ಟನ್ನು ಇಳಿಸಲು ಈಗ ಅವನಿಲ್ಲ. ಇದನ್ನು ಒಯ್ದು ಕೊಡೋಣವೆಂದರೆ ಅಕ್ಕೋರೂ ಇಲ್ಲ.

ಡಬ್ಬಿಯನ್ನು ಮತ್ತೆ ಟವೆಲಿನ ತುಂಡಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಮ್ಮನ ಹೆಂಡತಿ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದಿದ್ದಳು. ಅವಳ ಕಣ್ಣು ನನ್ನ ಸೊಂಟದ ಮೇಲಿತ್ತು.

"ಏನದು ಅಕ್ಕಾ, ಗಂಟಿನ್ಯಾಗ?"

ಹೇಳಲು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

"ಏನಿಲ್ಲವ್ವ," ಅಂದೆ. "ಸುಮ್ನ."

ಅವಳು ನಂಬಲಿಲ್ಲ.